ಬಲಗಡೆಯಿಂದ ಬಂದ ದನಿ

ಮೈಮೇಲೆ ದೇವರು ಬರುವುದು, ಸತ್ತವರು ಕರೆಯುವುದು, ಹುಣಸೆಮರದ ಕೆಳಗೆ ಗಾಳಿ ಸೋಕುವುದು ಇಂಥವನ್ನು ನಾನು ಎಂದೂ ನಂಬಿದವಳಲ್ಲ. ನಂಬುವವರನ್ನು ಕಂಡು ನಗುತ್ತಿದ್ದೆ ಎಂಬುದನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಪ್ಪ ರಾಯಚೂರಿನಲ್ಲಿ ಕಚೇರಿಯ ಮುಂದೆ ಕುಳಿತು ಜನರಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದವನು. ಕಂಡದ್ದು ಬೇರೆ, ಅನಿಸಿದ್ದು ಬೇರೆ, ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಬಾರದು ಎಂದು ನನಗೆ ಅಕ್ಷರ ಕಲಿಸುವಾಗಲೇ ಹೇಳಿಕೊಟ್ಟಿದ್ದ. ಈಗ ಬರೆಯುತ್ತಿರುವುದರಲ್ಲಿ ಕಂಡದ್ದೆಷ್ಟು, ಅನಿಸಿದ್ದೆಷ್ಟು ಎಂದು ವಿಂಗಡಿಸಲು ನಾನು ಎಷ್ಟೋ ಸಲ ಕುಳಿತಿದ್ದೇನೆ. ಆಗಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿ ಎರಡು ಮೂರು ವರ್ಷವಾಗಿತ್ತು. ನನಗೆ ಇಪ್ಪತ್ತು ತುಂಬಿತ್ತು. ಸುರಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಯಾದಗಿರಿಯಲ್ಲಿ ರೈಲು ಇಳಿದು, ಭೀಮೆ ದಾಟಿ, ಶಹಾಪುರದಲ್ಲಿ ಬಸ್ಸಿನವರು ಚಹ ಕುಡಿಯುವ ತನಕ ಕಾದು, ಅಲ್ಲಿ ಅಂಗಾತ ಮಲಗಿದ ಮನುಷ್ಯನಂತೆ ಕಾಣುವ ಗುಡ್ಡವನ್ನು ನೋಡುತ್ತ ಕುಳಿತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ನನ್ನ ಪೆಟ್ಟಿಗೆಯಲ್ಲಿ ನಾಲ್ಕು ಸೀರೆ, ಒಂದು ಲಾಟೀನು, ಅಪ್ಪ ಕೊಟ್ಟ ಶಾಯಿ ಕುಡಿಕೆ. ಹೊಸ ಊರು, ಹೊಸ ಸರಕಾರ, ಹೊಸ ಕೆಲಸ. ಹೆದರಿಕೆ ಮಾತ್ರ ಹಳೆಯದು.

ಆ ದಿನಗಳಲ್ಲಿ ಎಲ್ಲವೂ ಅರ್ಧಕ್ಕೆ ನಿಂತಂತಿತ್ತು, ಅದರಲ್ಲೇ ಒಂದು ಸೊಗಸೂ ಇತ್ತು. ಶಾಲೆಯ ಉರ್ದು ಫಲಕಕ್ಕೆ ಸುಣ್ಣ ಬಳಿದು ಕನ್ನಡದಲ್ಲಿ ಬರೆಸಿದರು. ಬರೆದ ಪೇಂಟರನಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಸೀಮೆಸುಣ್ಣದಿಂದ ಗೆರೆ ಹಾಕಿಕೊಟ್ಟ ಅಕ್ಷರಗಳ ಮೇಲೆ ಅವನು ಬಣ್ಣ ಎಳೆದ, ಒಂದು ತಲೆಕಟ್ಟು ಉಲ್ಟಾ ಆಗಿ ವರ್ಷವಿಡೀ ಹಾಗೇ ಉಳಿಯಿತು. ಹೋದ ವರ್ಷದವರೆಗೆ ಕಲಿಸುವವರನ್ನು 'ಉಸ್ತಾನಿ' ಎಂದು ಕರೆಯುತ್ತಿದ್ದ ಹುಡುಗಿಯರು ನನ್ನನ್ನು 'ಅಕ್ಕೋರ' ಎನ್ನಲು ಕಲಿಯುತ್ತಿದ್ದರು. ಮಗ್ಗಿ ಉರ್ದುವಿನಲ್ಲಿ, ಪ್ರಾರ್ಥನೆ ಕನ್ನಡದಲ್ಲಿ, ಜಗಳ ಎರಡೂ ಕೂಡಿ.

ನಾನು ಬಾಡಿಗೆಗೆ ಇದ್ದದ್ದು ಹಲೀಮಾಬಿಯ ಮನೆಯಲ್ಲಿ. ಕುಪ್ಪಸ ಹೊಲಿದು ಬಾಳುತ್ತಿದ್ದ ಐವತ್ತರ ಹೆಂಗಸು. ಸಂಸ್ಥಾನ ಭಾರತಕ್ಕೆ ಸೇರುವಾಗಿನ ಗಲಾಟೆಯ ವರ್ಷ ಅವಳ ಅಣ್ಣಂದಿರ ಸಂಸಾರಗಳೆಲ್ಲ ಹೈದರಾಬಾದಿಗೆ ಹೋದವು, ತಿರುಗಿ ಬರಲಿಲ್ಲ. "ಹೊಲಿಗಿ ಮಷೀನ್ ಇಲ್ಲೇ ಅದ, ನಾ ಎಲ್ಲಿ ಹೋಗ್ಲಿ?" ಎಂದು ಅವಳೊಬ್ಬಳು ಉಳಿದಿದ್ದಳು. ಮನೆಯ ಒಂದು ಮೂಲೆಯಲ್ಲಿ ನನಗೆ ಬೇರೆ ಒಲೆ ಹಾಕಿಕೊಟ್ಟಿದ್ದಳು.

ಚರಿತ್ರೆಯ ಕನ್ನಡ ಪುಸ್ತಕ ಇನ್ನೂ ಬಂದಿರಲಿಲ್ಲ. ಹಳೆಯ ಉರ್ದು ಪುಸ್ತಕವನ್ನು ಮನೆಯಲ್ಲಿ ಓದಿಕೊಂಡು ತರಗತಿಯಲ್ಲಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಅದರಲ್ಲಿ ಐನೂರು ವರ್ಷದ ಹಿಂದಿನ ಯುರೋಪಿನ ಮೇಲೆ ಒಂದು ಪಾಠವಿತ್ತು. ನನಗೆ ಬಹಳ ಮೆಚ್ಚಿನ ಪಾಠ. ಕಾನ್‌ಸ್ಟಾಂಟಿನೋಪಲ್ ಪಟ್ಟಣವನ್ನು ಮುತ್ತಿದ ತುರ್ಕರ ಸುಲ್ತಾನ, ಬಂದರಿನ ಬಾಯಿಗೆ ಸರಪಳಿ ಕಟ್ಟಿದ್ದಾರೆಂದು, ಕೊಬ್ಬು ಸವರಿದ ದಿಮ್ಮಿಗಳ ಮೇಲೆ ಹಡಗುಗಳನ್ನು ಎಳೆಸಿ ಗುಡ್ಡ ದಾಟಿಸಿದ ಕತೆ ಹೇಳಿದಾಗ ಹುಡುಗಿಯರು ಕಣ್ಣು ಮಿಟುಕಿಸಲಿಲ್ಲ. ಅವರಲ್ಲಿ ಒಬ್ಬಳೂ ಹಡಗು ನೋಡಿದವಳಲ್ಲ. ಗುಡ್ಡ ಮಾತ್ರ ಎಲ್ಲರೂ ಬಲ್ಲರು. ನಮ್ಮೂರ ಯಾವ ಗುಡ್ಡಕ್ಕೆ ಯಾವ ಕಡೆಯಿಂದ ಹಡಗು ಹತ್ತಿಸಬಹುದು ಎಂದು ಬಿಡುವಿನ ಹೊತ್ತಿನಲ್ಲಿ ಅವರು ಜಗಳವಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಸೀಸದ ಅಚ್ಚುಮೊಳೆಗಳಿಂದ ಪುಸ್ತಕ ಮುದ್ರಿಸತೊಡಗಿದ್ದನ್ನು ಹೇಳಿದೆ. ಆಮೇಲೆ ಜೋನ್ ಎಂಬ ಹುಡುಗಿಯ ಪಾಠ ಬಂತು.

ಪುಸ್ತಕದಲ್ಲಿ ಅವಳಿಗೆ ಇದ್ದದ್ದು ಆರು ಸಾಲು. ಫ್ರಾನ್ಸಿನ ಒಂದು ಹಳ್ಳಿಯ ಒಕ್ಕಲಿನ ಹುಡುಗಿ. ದೇವರ ದನಿ ಕೇಳಿಸುತ್ತದೆ ಎಂದಳು. ಇಂಗ್ಲಿಷರು ಮುತ್ತಿದ್ದ ಪಟ್ಟಣವನ್ನು ಗಂಡುಡುಗೆ ತೊಟ್ಟು, ದಂಡಿನ ಮುಂದೆ ನಿಂತು ಬಿಡಿಸಿದಳು. ಕಿರೀಟವಿಲ್ಲದ ರಾಜನಿಗೆ ಪಟ್ಟ ಕಟ್ಟಿಸಿದಳು. ವೈರಿಗಳ ಕೈಗೆ ಸಿಕ್ಕಳು. ಮಾಟಗಾತಿ ಎಂದು ವಿಚಾರಣೆ ಮಾಡಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸುಟ್ಟರು. ಇಷ್ಟೇ. ಇಂಗ್ಲಿಷರು ಎಂದ ಕೂಡಲೇ ಹುಡುಗಿಯರ ಕಿವಿ ನೆಟ್ಟಗಾಯಿತು. ಸುರಪುರದ ಮಕ್ಕಳಿಗೆ ತಮ್ಮ ಊರಿನ ಅರಸನ ಮೇಲೆ ಇಂಗ್ಲಿಷರ ದಂಡು ಬಂದ ಕತೆ ಹಾಲಿನ ಜೊತೆ ಕುಡಿಸಿದ್ದಾಗಿತ್ತು.

"ಪಟ್ಟ ಕಟ್ಟಿಸ್ಕೊಂಡ ರಾಜ ಅಕಿನ್ನ ಬಿಡಿಸಿಕೊಳ್ಳಲಿಲ್ಲೇನ್ರಿ?" ಎಂದು ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು.

ಇಲ್ಲ ಎಂದೆ.

"ಅಕಿ ಪರವಾಗಿ ಯಾರೂ ಒಂದು ಮಾತಾಡಲಿಲ್ಲೇನ್ರಿ?"

ಕೇಳಿದವಳು ಮಾಳವ್ವ. ದೇವಾಪುರದ ಕುರಿಗಾರರ ಮನೆಯ ಹುಡುಗಿ, ಹದಿಮೂರು ವರ್ಷ ಇರಬಹುದು. ಅಪ್ಪ ಬೀರಪ್ಪ ಅವಳನ್ನು ತಡವಾಗಿ ಶಾಲೆಗೆ ಹಾಕಿದ್ದ. ಸಣ್ಣ ಹುಡುಗಿಯರ ನಡುವೆ ಕುಳಿತು ನಾಚಿಕೊಳ್ಳುತ್ತಿದ್ದಳು. ಊರಿನಿಂದ ಒಂದು ತಾಸಿನ ದಾರಿ ನಡೆದು ಬರುತ್ತಿದ್ದಳು. ಅವಳು ತರಗತಿಯಲ್ಲಿ ಬಾಯಿ ಬಿಟ್ಟದ್ದೇ ಆ ದಿನ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಎದ್ದು ನಿಂತು, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು:

"ಅಕಿ ಅಪ್ಪನ ಹಿತ್ತಲದಾಗ ಇದ್ಲರಿ. ಬ್ಯಾಸಿಗಿ, ಮಟಮಟ ಮಧ್ಯಾಹ್ನ. ದನಿ ಬಲಗಡಿಂದ ಬಂತು. ಆ ಕಡಿ ಬೆಳಕಿತ್ತು. ಮೊದಲನೇ ಸಲ ಬಾಳ ಅಂಜಿದ್ಲು."

ನಾನು ಪುಸ್ತಕ ತಿರುವಿ ನೋಡಿದೆ. ಹಾಗೆಲ್ಲ ಏನೂ ಇರಲಿಲ್ಲ. ಇದನ್ನು ನಿನಗೆ ಯಾರು ಹೇಳಿದರು ಎಂದು ಕೇಳಿದೆ.

"ಯಾರೂ ಹೇಳಿಲ್ರಿ. ನನಗ ಹಂಗಾ ಕೇಳ್ತದ, ಅದಕ ಗೊತ್ತು."

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಚರಿತ್ರೆಯಲ್ಲಿ ನಮ್ಮ ಮನಸ್ಸಿಗೆ ಬಂದದ್ದನ್ನು ಸೇರಿಸಬಾರದು ಎಂದು ಬುದ್ಧಿ ಹೇಳಿ ಕೂರಿಸಿದೆ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತಾಗ ಉಳಿದ ಇಬ್ಬರು ಅಕ್ಕೋರಿಗೂ ಹೇಳಿದೆ, "ನಮ್ಮ ಶಾಲೆಯಲ್ಲೂ ಒಬ್ಬಳು ಜೋನ್ ಇದ್ದಾಳೆ" ಎಂದು. ಮೂವರೂ ನಕ್ಕೆವು. ನೀರು ತರುವ ಹೆಂಗಸು ಅಲ್ಲೇ ಇದ್ದಳು. ಅವಳ ತವರು ದೇವಾಪುರ ಎಂಬುದು ನನಗೆ ಗೊತ್ತಿರಲಿಲ್ಲ.

ನಾಲ್ಕನೆಯ ದಿನದಿಂದ ಮಾಳವ್ವ ಶಾಲೆಗೆ ಬರಲಿಲ್ಲ. ವಾರ ಕಳೆದ ಮೇಲೆ ಬೀರಪ್ಪ ಶಾಲೆಯ ಬಾಗಿಲ ಹೊರಗೆ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಒಳಗೆ ಬಾ ಎಂದರೆ ಬರಲಿಲ್ಲ. ಕುರಿಹಟ್ಟಿಯಲ್ಲಿ ರೋಗ ಬಿದ್ದು ಕುರಿಗಳು ಸಾಯುತ್ತಿದ್ದವಂತೆ. ಅದೇ ಹೊತ್ತಿಗೆ ಹುಡುಗಿಗೆ ದನಿ ಕೇಳುತ್ತದೆ ಎಂಬ ಸುದ್ದಿ ಊರಿಗೆ ಬಂತು. ಗುಡ್ಡದ ದೇವಿ ಅವ್ವನೇ ಹುಡುಗಿಯನ್ನು ಕೇಳುತ್ತಿದ್ದಾಳೆ, ಕೊಡದಿದ್ದಕ್ಕೆ ಕುರಿ ಸಾಯುತ್ತಿವೆ ಎಂದು ಅಜ್ಜಿ ಹಟ ಹಿಡಿದಿದ್ದಳು.

"ಬರೋ ಹುಣ್ಣಿವಿಗಿ ಮುತ್ತು ಕಟ್ಟಸ್ತೀನಿ ಅಂತಾಳ್ರಿ ನಮ್ಮವ್ವ. ನಾ ಒಲ್ಲೆ ಅಂದ್ರ ಉಣ್ಣಾದು ಬಿಟ್ಟು ಕುಂತಾಳ. ನಮ್ಮ ಮನ್ಯಾಗ ಒಬ್ಬರಿಗಾದ್ರೂ ಕಾಗದ ಓದಾಕ ಬರ್ಲಿ ಅಂತ ಸಾಲಿಗಿ ಹಾಕಿದ್ನಿ. ನೀವಾ ಬಂದು ಒಂದು ಮಾತು ಹೇಳ್ರಿ ಅಕ್ಕೋರ."

ಮುತ್ತು ಕಟ್ಟುವುದೆಂದರೆ ಹುಡುಗಿಯನ್ನು ದೇವರಿಗೆ ಬಿಡುವುದು. ಹಾಗೆ ಬಿಟ್ಟ ಹುಡುಗಿಯರ ಬದುಕು ಮುಂದೆ ಯಾರ ಯಾರ ಕೈಗೆ ಬೀಳುತ್ತದೆ ಎಂದು ಆ ಸೀಮೆಯಲ್ಲಿ ತಿಳಿಯದವರಿಲ್ಲ. ನಾನು ದೊಡ್ಡ ಅಕ್ಕೋರ ಹತ್ತಿರ ಹೋದೆ. ಅವರ ಮನೆಯ ವಿಷಯ, ನಾವು ಹೊಸಬರು, ಕೈ ಹಾಕುವುದು ಬೇಡ ಎಂದರು. ಆದರೆ ಹಚ್ಚಿದವಳು ನಾನು. ನನ್ನ ಒಂದು ನಗೆಮಾತಿನಿಂದ ಹೊತ್ತಿಕೊಂಡದ್ದು. ಅಕಿ ಪರವಾಗಿ ಯಾರೂ ಒಂದು ಮಾತಾಡಲಿಲ್ಲೇನ್ರಿ ಎಂದು ಆ ಹುಡುಗಿ ಕೇಳಿದ್ದು ಕಿವಿಯಲ್ಲಿ ಕುಳಿತುಬಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಬೀರಪ್ಪನ ಹಿಂದೆ ದೇವಾಪುರಕ್ಕೆ ನಡೆದೆ. ಅವರ ಮನೆಯ ಮುಂದೆ ಒಂದು ದೊಡ್ಡ ಬೇವಿನ ಮರ, ಸುತ್ತ ಮಣ್ಣಿನ ಕಟ್ಟೆ. ಕಟ್ಟೆಯ ಮೇಲೆ ಅಜ್ಜಿ ನೀಲವ್ವ, ಊರ ಪೂಜಾರಿ, ನಾಲ್ಕಾರು ಹಿರಿಯರು. ಮಾಳವ್ವನನ್ನು ಎದುರಿಗೆ ನೆಲದ ಮೇಲೆ ಕೂರಿಸಿದ್ದರು. ತಲೆಗೆ ಎಣ್ಣೆ ಹಾಕಿ ಬಾಚಿದ್ದರು, ಹೊಸ ಪರಕಾರ ಉಡಿಸಿದ್ದರು. ನನ್ನನ್ನು ನೋಡಿದಳು, ಆದರೆ ಗುರುತು ತೋರಿಸಲಿಲ್ಲ. ಮಾತು ಶುರುವಾಗುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ.

ಪೂಜಾರಿ ಕೆಟ್ಟವನೇನೂ ಅಲ್ಲ. ಮೆತ್ತಗೇ ಕೇಳಿದ.

"ಯಾರ ದನಿ ಅದು, ಹೇಳವ್ವ. ಅವ್ವಂದಾ?"

"ಹೆಸರು ಹೇಳಂಗಿಲ್ರಿ."

"ಏನಂತದ?"

"ಹೋಗು ಅಂತದ್ರಿ. ಅಷ್ಟ."

"ಹೋಗು ಅಂದ್ರ ಎಲ್ಲಿಗಿ?" ಎಂದು ಅಜ್ಜಿ ನನ್ನ ಕಡೆ ತಿರುಗಿದಳು. "ಅವ್ವ ತನ್ನ ಗುಡ್ಡಕ್ಕ ಕರ್ಯಾಕತ್ತಾಳ. ಹನ್ನೊಂದು ಕುರಿ ಹೋದ್ವು. ಇನ್ನ ಮನಷ್ಯಾರು ಹೋಗ್ಬೇಕೇನ್ರಿ?"

ನಾನು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಬಿಸಿಲಿನ ಝಳಕ್ಕೆ ಕಿವಿಯಲ್ಲಿ ಸದ್ದು ಬರುತ್ತದೆ, ದವಾಖಾನೆಯಲ್ಲಿ ತೋರಿಸೋಣ. ಕುರಿಯ ರೋಗಕ್ಕೂ ಹುಡುಗಿಗೂ ಸಂಬಂಧವಿಲ್ಲ, ಹಟ್ಟಿ ಬದಲಾಯಿಸಿ. ಎಲ್ಲರೂ ಓದಿದವರ ಮಾತನ್ನು ಮರ್ಯಾದೆಗೆ ಕೇಳುವ ಹಾಗೆ ಕೇಳಿದರು. ಕೊನೆಗೆ ಪೂಜಾರಿ, "ನಿಮಗ ಕೇಳಂಗಿಲ್ಲಂದ್ರ ಯಾರಿಗೂ ಕೇಳಂಗಿಲ್ಲೇನ್ರಿ, ಅಕ್ಕೋರ?" ಎಂದ. ಸೋತೆ ಎಂದು ಗೊತ್ತಾಯಿತು.

ಆಗ ಏನಾಯಿತು ಎಂಬುದನ್ನು ಆದಷ್ಟು ಸರಿಯಾಗಿ ಹೇಳುತ್ತೇನೆ. ಬೇವಿನ ಮರದ ನೆರಳು ಬುಡದ ಸುತ್ತ ದುಂಡಗೆ ಬಿದ್ದಿತ್ತು. ಉಳಿದ ಕುರಿಗಳು ಬಿಸಿಲಿಗೆ ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ ನಿಂತಿದ್ದವು. ನನ್ನ ಬಲಕ್ಕೆ, ಇಪ್ಪತ್ತು ಹೆಜ್ಜೆ ಆಚೆ, ಸತ್ತ ಕುರಿಗಳಿದ್ದ ಹಟ್ಟಿ. ಮುಳ್ಳಿನ ಬೇಲಿ, ಒಳಗೆ ಯಾರೂ ಇಲ್ಲ. ಯಾರೋ ಕೆಮ್ಮುತ್ತಿದ್ದರು, ನೊಣ ಗುಂಯ್‌ಗುಡುತ್ತಿತ್ತು. ಎರಡೂ ನಿಂತವು. ಆ ಹಟ್ಟಿಯ ಕಡೆಯಿಂದ ನನ್ನ ಹೆಸರು ಹಿಡಿದು ಯಾರೋ ಕರೆದರು.

ನನ್ನ ಶಾಲೆಯ ಹೆಸರಲ್ಲ. ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಅದನ್ನು ಇಲ್ಲಿ ಬರೆಯಲಾರೆ. ಆ ಹೆಸರಿನಿಂದ ನನ್ನನ್ನು ಕರೆಯುತ್ತಿದ್ದವಳು ಒಬ್ಬಳೇ, ನನ್ನ ಅವ್ವ. ನನಗೆ ಒಂಬತ್ತು ವರ್ಷವಿದ್ದಾಗ ತೀರಿಕೊಂಡಳು. ಆಮೇಲೆ ಅಪ್ಪ ಕೂಡ ಆ ಹೆಸರು ಎತ್ತಿರಲಿಲ್ಲ. ಕೂಗಿದ ಹಾಗಿರಲಿಲ್ಲ. ಅಡಿಗೆಮನೆಯೊಳಗಿಂದ, ಮಗಳು ಅಂಗಳದಲ್ಲೇ ಇದ್ದಾಳೋ ಇಲ್ಲವೋ ಎಂದು ನೋಡಲು ಕರೆಯುತ್ತಾರಲ್ಲ, ಹಾಗೆ. ಎರಡು ಸಲ. ಬಲಗೆನ್ನೆಗೆ ಒಲೆಯ ಬಾಯಿಯಿಂದ ಬರುವ ಕಾವು ತಾಕಿತು. ನಾನು ಆ ಕಡೆ ತಿರುಗಿ ನೋಡಲಿಲ್ಲ. ಹೆದರಿದ್ದೆ. ಬೆಳಕು ಇತ್ತೋ ಇಲ್ಲವೋ ಎಂದು ಹೇಳಲು ನನ್ನಿಂದ ಆಗುವುದಿಲ್ಲ.

ನೆಲದ ಮೇಲೆ ಕುಳಿತಿದ್ದ ಮಾಳವ್ವ ತಲೆ ಎತ್ತಿ ನನ್ನನ್ನೇ ದಿಟ್ಟಿಸಿದಳು.

"ಅಕ್ಕೋರ, ನಿಮಗೂ ಕೇಳ್ತಲ್ರಿ?"

ಎಲ್ಲರೂ ನನ್ನ ಕಡೆ ನೋಡಿದರು. ಇಲ್ಲ ಎನ್ನಬಹುದಾಗಿತ್ತು. ನನ್ನ ಬುದ್ಧಿ, ನನ್ನ ಅಪ್ಪ ಕಲಿಸಿದ್ದು ಎಲ್ಲ ಇಲ್ಲ ಎನ್ನು ಎಂದೇ ಹೇಳುತ್ತಿತ್ತು. ನಾನು ಹೌದು ಎಂದೆ.

ಅಜ್ಜಿ ಎದ್ದು ನಿಂತಳು. "ಏನಂತು?"

ನಿಜವಾಗಿ ನನಗೆ ಕೇಳಿದ್ದು ಹೆಸರು ಮಾತ್ರ. ಆದರೆ ನನ್ನ ಬಾಯಿಂದ ಬಂದದ್ದು: "ಈಕಿನ್ನ ಕರ್ಕೊಂಡು ಹೋಗು ಅಂತು."

"ಯಾವ ಕಡಿಂದ?" ಎಂದ ಪೂಜಾರಿ.

"ಬಲಗಡೆಯಿಂದ."

ಅವನು ಅಜ್ಜಿಯ ಕಡೆ ನೋಡಿ ತಲೆಯಾಡಿಸಿದ. ಮಾಳವ್ವ ಅದನ್ನೇ ಅವರಿಗೂ ಹೇಳಿದ್ದಳಂತೆ. ನನಗೆ ತರಗತಿಯಿಂದಲೇ ಅದು ಗೊತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ನೀಲವ್ವ ಬಂದು ನನ್ನ ಪಾದ ಮುಟ್ಟಿದಳು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ನಾನು ಹೇಳಿದ್ದರಲ್ಲಿ ಸುಳ್ಳು ಎಲ್ಲಿ ಶುರುವಾಯಿತು ಎಂದು ಆ ಕ್ಷಣದಲ್ಲೇ ತಿಳಿಯದೆ ಹೋಯಿತು, ಈಗ ಹೇಗೆ ತಿಳಿದೀತು?

ಅವತ್ತೇ ಮಾಳವ್ವನನ್ನು ಕರೆದುಕೊಂಡು ಬಂದೆ. ಹಲೀಮಾಬಿಗೆ ಏನು ಹೇಳುವುದೆಂದು ಚಿಂತೆಯಾಗಿತ್ತು. ಅವಳು ಹುಡುಗಿಯ ಎಣ್ಣೆ ಹಾಕಿದ ತಲೆ, ಹೊಸ ಪರಕಾರ ನೋಡಿದಳು, ಏನು ಎತ್ತ ಎಂದು ಕೇಳಲೇ ಇಲ್ಲ. "ಆನ್ ದೇ ಮಾ, ಘರ್ ಖಾಲೀಚ್ ಹೈ" ಎಂದಳು. ಬರಲಿ, ಮನೆ ಖಾಲಿಯೇ ಇದೆಯಲ್ಲ ಎಂದು.

ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ಮನಸ್ಸು ತಣ್ಣಗಾಗುತ್ತದೆ. ಒಂದೇ ಲಾಟೀನಿನ ಕೆಳಗೆ ನಾನು ಪಾಠ ಓದಿಕೊಳ್ಳುತ್ತಿದ್ದೆ, ಮಾಳವ್ವ ಕಾಗುಣಿತ ತಿದ್ದುತ್ತಿದ್ದಳು, ಹಲೀಮಾಬಿ ಕಾಜ ಹೊಲಿಯುತ್ತಿದ್ದಳು. ಹುಡುಗಿ ಅವಳಿಂದ ಹೊಲಿಗೆಯ ಜೊತೆಗೆ ದಖ್ಖನಿ ಉರ್ದುವನ್ನೂ ಕಲಿತಳು; ಅವಳು ಹುಡುಗಿಯಿಂದ ಕನ್ನಡದಲ್ಲಿ ತನ್ನ ಹೆಸರು ಬರೆಯುವುದನ್ನು ಕಲಿತಳು. ಬೀರಪ್ಪ ತಿಂಗಳಿಗೊಮ್ಮೆ ಬಂದು ಹೊರಗೇ ನಿಂತು, ಬೆಣ್ಣೆಯ ಗಡಿಗೆ ಇಟ್ಟು ಹೋಗುತ್ತಿದ್ದ. ಹಟ್ಟಿ ಬದಲಾಯಿಸಿದ ಮೇಲೆ ಕುರಿ ಸಾಯುವುದು ನಿಂತಿತಂತೆ. ಅದು ಹಟ್ಟಿ ಬದಲಾದದ್ದರಿಂದ ಎಂದು ನಾನು, ಹುಡುಗಿ ಹೋದದ್ದರಿಂದ ಎಂದು ನೀಲವ್ವ.

ಮರುವರ್ಷ ಬೇಸಿಗೆಯಲ್ಲಿ ಶಿಕ್ಷಕರ ತರಬೇತಿಗೆಂದು ಹೈದರಾಬಾದಿಗೆ ಹೋದೆ. ಮೂಸಿ ನದಿಯ ದಂಡೆಯ ದೊಡ್ಡ ಗ್ರಂಥಾಲಯದಲ್ಲಿ ಸಂಜೆ ಕೂರುತ್ತಿದ್ದೆ. ಒಂದು ದಿನ ಜೋನಳ ವಿಚಾರಣೆಯ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ಸಂಜೆ ಓದಿದೆ. ಮೊದಲ ಸಲ ದನಿ ಯಾವಾಗ ಕೇಳಿತು ಎಂದು ನ್ಯಾಯಾಧಿಪತಿಗಳು ಅವಳನ್ನು ಕೇಳುತ್ತಾರೆ. ಆಗ ತನಗೆ ಹದಿಮೂರು ವರ್ಷ, ಬೇಸಿಗೆ, ನಡುಮಧ್ಯಾಹ್ನ, ಅಪ್ಪನ ತೋಟದಲ್ಲಿದ್ದೆ ಎನ್ನುತ್ತಾಳೆ. ದನಿ ಬಂದದ್ದು ಬಲಗಡೆಯಿಂದ. ಬಂದ ಕಡೆಗೆ ಬೆಳಕೂ ಇರುತ್ತಿತ್ತು. ಮೊದಲ ಸಲ ಬಹಳ ಹೆದರಿದೆ.

ಪುಸ್ತಕ ಮುಚ್ಚಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮಾಳವ್ವ ಆಗ ಅಕ್ಷರ ಕೂಡಿಸಿ ಓದುತ್ತಿದ್ದ ಹುಡುಗಿ. ಅಂಥ ಪುಸ್ತಕ ಸುರಪುರದಲ್ಲಿ, ಶಹಾಪುರದಲ್ಲಿ, ಯಾದಗಿರಿಯಲ್ಲಿ ಯಾರ ಹತ್ತಿರವಾದರೂ ಇತ್ತೇ ಎಂದು ಮುಂದೆ ವಿಚಾರಿಸಿದೆ. ಇರಲಿಲ್ಲ. ಪಾದ್ರಿಗಳ ಶಾಲೆಗೋ ದವಾಖಾನೆಗೋ ಅವಳು ಹೋದದ್ದಿತ್ತೇ? ಅದೂ ಇಲ್ಲ. ಪರಿಚಯದ ಡಾಕ್ಟರೊಬ್ಬರು, ಇಂಥ ಸದ್ದು ಕೇಳುವವರಿಗೆಲ್ಲ ಹೆಚ್ಚು ಕಡಿಮೆ ಒಂದೇ ಬಗೆಯಲ್ಲಿ ಕೇಳಬಹುದು ಎಂದರು. ಇರಬಹುದು. ಐನೂರು ವರ್ಷದ ಹಿಂದಿನ ಫ್ರಾನ್ಸಿನ ಹುಡುಗಿಯ ತಲೆಗೂ ದೇವಾಪುರದ ಹುಡುಗಿಯ ತಲೆಗೂ ಬಿಸಿಲು ಒಂದೇ ತಾನೆ.

ಸುರಪುರಕ್ಕೆ ಬಂದವಳು ಇದನ್ನು ಮಾಳವ್ವನಿಗೆ ಹೇಳಿದೆ. ಅವಳು ಹಲೀಮಾಬಿಗಾಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಕೈ ನಿಲ್ಲಿಸದೆ, "ಹಂಗಾದ್ರ ಅಕಿ ಸುಳ್ಳ ಹೇಳಿಲ್ಲ ಬಿಡ್ರಿ" ಎಂದಳು. ಅಷ್ಟೇ. ಅವಳಿಗೆ ಅದರಲ್ಲಿ ಅಚ್ಚರಿಯೇ ಕಾಣಲಿಲ್ಲ.

ಮಾಳವ್ವ ಕಲಬುರಗಿಗೆ ಹೋಗಿ ನರ್ಸಿನ ಕೆಲಸ ಕಲಿತಳು. ನನಗೆ ಊರಿಂದೂರಿಗೆ ವರ್ಗವಾಯಿತು. ಹಲೀಮಾಬಿ ತೀರಿಕೊಂಡಾಗ ಇಬ್ಬರೂ ಬಂದು ಸೇರಿದ್ದೆವು. ಆ ದಿನ ಮಾಳವ್ವ ಅತ್ತಷ್ಟು ನಾನು ಅಳಲಿಲ್ಲ.

ಇದಾಗಿ ಎಷ್ಟೋ ವರ್ಷದ ಮೇಲೆ ಶಹಾಪುರದಲ್ಲಿ ಅವಳ ಮನೆಗೆ ಹೋಗಿದ್ದೆ. ತಲೆಯಲ್ಲಿ ಬಿಳಿ ಕೂದಲು, ಆಸ್ಪತ್ರೆಯಿಂದ ಆಗತಾನೆ ಬಂದಿದ್ದಳು, ಮಕ್ಕಳು ಹೊರಗೆ ಆಡುತ್ತಿದ್ದವು. ಚಹ ಕೊಟ್ಟು ಎದುರಿಗೆ ಕುಳಿತಳು. ಅದುವರೆಗೆ ಎಂದೂ ಕೇಳದೆ ಇದ್ದದ್ದನ್ನು ಅವತ್ತು ಕೇಳಿದೆ: ಈಗಲೂ ಕೇಳುತ್ತದೆಯೇ?

"ಇಲ್ರಿ. ನಿಮ್ಮ ಜೋಡಿ ಬಂದ ಮ್ಯಾಲ ಒಮ್ಮಿನೂ ಕೇಳಿಲ್ಲ."

"ಹಾಗಾದರೆ ಕಟ್ಟೆಯ ಹತ್ತಿರ ಕೇಳಿದ್ದೇ ಕೊನೆ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅವತ್ತು ನನಗೇನೂ ಕೇಳಿಲ್ರಿ ಅಕ್ಕೋರ."

"ಮತ್ತೆ, ನಿಮಗೂ ಕೇಳ್ತಲ್ರಿ ಅಂತ ಯಾಕೆ ಅಂದೆ?"

"ನಿಮ್ಮ ಮಾರಿ ನೋಡಿದ್ನಿ. ಅದು ಕೇಳಿದಾಗ ಮಾರಿ ಹೆಂಗ ಆಗ್ತದ ನನಗ ಗೊತ್ತದ."

ಇಬ್ಬರಿಗೂ ಕೇಳಿತ್ತು ಎಂದು ನಾನು ಅಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಇಬ್ಬರಿಗೆ ಕೇಳಿದ್ದಕ್ಕೆ ಬಿಸಿಲೆಂದೋ, ದೂರದ ಯಾರದೋ ಕೂಗೆಂದೋ ಒಂದು ಕಾರಣ ಹುಡುಕಬಹುದು. ಒಬ್ಬಳಿಗೇ, ಅದೂ ಆ ಹೆಸರಿನಲ್ಲಿ ಕೇಳಿದ್ದಕ್ಕೆ ನಾನು ಎಲ್ಲಿ ಹುಡುಕಲಿ? ರಾಯಚೂರು ಬಿಟ್ಟು ಎಂದೂ ಎಲ್ಲಿಗೂ ಹೋಗದ ನನ್ನ ಅವ್ವನಿಗೆ ದೇವಾಪುರದ ಆ ಖಾಲಿ ಹಟ್ಟಿಯಲ್ಲಿ ಏನು ಕೆಲಸ? ಹುಡುಗಿಯನ್ನು ಉಳಿಸಲು ನನ್ನ ಮನಸ್ಸೇ ಹೂಡಿದ ಆಟ ಎಂದು ಕೆಲವು ದಿನ ಅನಿಸುತ್ತದೆ. ಅಪ್ಪ ಇದ್ದಿದ್ದರೆ ಅದನ್ನೇ ಬರೆದುಕೊಳ್ಳುತ್ತಿದ್ದ. ಹಾಗೇ ಇರಲಿ ಎಂದು ಮಲಗುತ್ತೇನೆ.

ಆದರೆ ಕೆಲವು ಮಧ್ಯಾಹ್ನ, ಬಿಸಿಲು ನೆತ್ತಿಗೆ ಬಂದು ಬೀದಿಯ ಸದ್ದೆಲ್ಲ ನಿಂತಾಗ, ಬೇರೊಂದು ಯೋಚನೆ ಬರುತ್ತದೆ. ಅದು ನಿಜವಾಗಿ ಅವ್ವನೇ ಆಗಿದ್ದರೆ, ಹನ್ನೊಂದು ವರ್ಷದ ಮೇಲೆ ಎರಡು ಸಲ ಕರೆದಳು. ನಾನು ಓ ಎನ್ನಲಿಲ್ಲ.